ಕೊನೆಯವರ ಗಂಟೆ

ಬೇರೆ ಯಾರಾದರೂ ಇಂಥದ್ದನ್ನು ಹೇಳಿದರೆ ಮೊದಲು ನಗುವವನು ನಾನೇ. ಹಾಗಾಗಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಕ್ಕು ಮುಗಿದ ಮೇಲೆ ಪೂರ್ತಿ ಓದಿ, ಅಷ್ಟು ಸಾಕು. ಇದು ಅವರಿವರು ಹೇಳಿದ್ದಲ್ಲ, ನನ್ನ ಎರಡು ಕಿವಿಯಿಂದ ನಾನೇ ಕೇಳಿದ್ದು.

ನಾನು ಕಲಬುರಗಿಯ ಒಂದು ಬೇಳೆ ಮಿಲ್ಲಿನಲ್ಲಿ ತೊಗರಿ ಪರೀಕ್ಷೆ ಮಾಡುವವನು. ಹೆಸರು ಶರಣು, ಮನೆ ಶಹಾಬಜಾರದಲ್ಲಿ. ಚೀಲದ ಬಾಯಲ್ಲಿ ಬಂಗಾರದಂಥ ಕಾಳು ಇಟ್ಟು ತಳದಲ್ಲಿ ಹುಳ ಹಿಡಿದದ್ದನ್ನು ತುಂಬಿ ತರುವವರು ಬಹಳ. ಚೂಪಾದ ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ, ಒಳಗಿನ ಕಾಳನ್ನು ಅಂಗೈ ಮೇಲೆ ಸುರಿದುಕೊಂಡು ನೋಡುವುದೇ ನನ್ನ ಕೆಲಸ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ, ನಾನು ಪರಾಂಬರಿಸಿದ ಮೇಲೂ ಇನ್ನೊಮ್ಮೆ ಚುಚ್ಚಿ ನೋಡುವವನು. ದೇವರೇ ಎದುರಿಗೆ ಬಂದು ನಿಂತರೂ ನಾನು ಆಧಾರ್ ಕಾರ್ಡ್ ಕೇಳುತ್ತೇನೆ ಎಂದು ಹೆಂಡತಿ ಶೋಭಾ ಆಡಿಕೊಳ್ಳುತ್ತಿರುತ್ತಾಳೆ.

ನನಗಿರುವ ಚಟ ಒಂದೇ, ಸೈಕಲ್ಲು. ಡಾಂಬರು ರಸ್ತೆಯದಲ್ಲ, ಗರಸಿನ, ಅಂದರೆ ಜಲ್ಲಿಮಣ್ಣಿನ ದಾರಿಯದು. ದಪ್ಪ ಹಲ್ಲಿನ ಟಯರಿನ ಗ್ರಾವೆಲ್ ಸೈಕಲ್ಲುಗಳು ನಮ್ಮ ಊರಿಗೂ ಬಂದಿವೆ. ಹುಮನಾಬಾದ್ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಕಮಲಾಪುರದವರೆಗೆ ಬಂಡಿ ದಾರಿಗಳು, ಕೆಂಪು ಗರಸು, ಕರಿ ಮಣ್ಣು, ಹೊಲದ ನಡುವೆ ಯಾವ ಸುಲ್ತಾನನ ಕಾಲದ್ದೋ ಹಳೇ ಗುಮ್ಮಟಗಳು. ಶಿವರಾತ್ರಿ ಕಳೆಯಿತೆಂದರೆ ನಮ್ಮ ಕಡೆ ಬಿಸಿಲು ಮನುಷ್ಯರನ್ನು ಹೊರಗೆ ಬಿಡುವುದಿಲ್ಲ. ಆದ್ದರಿಂದ ನಮ್ಮ ಗುಂಪು ಹೊರಡುವುದು ಕೋಳಿ ಕೂಗುವ ಮೊದಲೇ, ಪೂರ್ತಿ ಕತ್ತಲಲ್ಲಿ.

ಕತ್ತಲಲ್ಲಿ ಹೋಗುವುದರಿಂದ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿದೆ. ಅದನ್ನು ಇಲ್ಲೇ ಹೇಳಿಬಿಡಬೇಕು, ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ.

ಸಾಲಾಗಿ ಹೋಗುವಾಗ ಎಲ್ಲರಿಗಿಂತ ಮುಂದಿದ್ದವನು ದಾರಿಯಲ್ಲಿ ಏನಾದರೂ ಕಂಡರೆ ಕೂಗುತ್ತಾನೆ. ಕಲ್ಲು, ಗುಂಡಿ, ಮುಳ್ಳು… ಹೀಗೆ. ಅವನ ಹಿಂದಿನವನು ಅದನ್ನು ತನ್ನ ಹಿಂದಿನವನಿಗೆ ದಾಟಿಸುತ್ತಾನೆ, ಅವನು ತನ್ನ ಹಿಂದಿನವನಿಗೆ. ಎಲ್ಲರಿಗಿಂತ ಕೊನೆಗೆ ಇದ್ದವನಿಗೆ ದಾಟಿಸಲು ಯಾರೂ ಇರುವುದಿಲ್ಲವಲ್ಲ, ಅವನು ಬಾಯಿ ಬಿಡದೆ ಗಂಟೆ ಹೊಡೆಯುತ್ತಾನೆ. ಮಾತು ಕೊನೆಯವರ ತನಕ ಮುಟ್ಟಿತು ಎಂದು ಅರ್ಥ. ಆ ಗಂಟೆ ಕೇಳುವ ತನಕ ಮುಂದಿನವನು ನಿಧಾನವಾಗಿಯೇ ಹೋಗಬೇಕು, ಕೇಳಿದ ಮೇಲೆ ಜೋರಾಗಬಹುದು. ಹಿಂದೊಮ್ಮೆ ನಮ್ಮ ಗುಂಪಿನ ಮೇಷ್ಟ್ರೊಬ್ಬರು ಕೊನೆಗೆ ಉಳಿದು, ಮೋರಿಯಲ್ಲಿ ಬಿದ್ದದ್ದು, ನಾವು ಎಷ್ಟೋ ದೂರ ಹೋಗುವ ತನಕ ಯಾರಿಗೂ ಗೊತ್ತಾಗಿರಲಿಲ್ಲ. ಅವತ್ತಿನಿಂದ ಈ ನಿಯಮ.

ಈ ಗುಂಪಿಗೆ ನನ್ನ ಮಗಳು ಪಲ್ಲವಿ ಸೇರಬೇಕಿತ್ತು. ಹತ್ತನೆಯ ತರಗತಿ ಓದುವ ಹುಡುಗಿ. ತಿಂಗಳುಗಟ್ಟಲೆ ಬೆನ್ನು ಹತ್ತಿ ಸೈಕಲ್ ಕೊಡಿಸಿಕೊಂಡಿದ್ದಳು. ಬರುವ ಭಾನುವಾರ ಹೊಸಬರನ್ನೆಲ್ಲ ಕಮಲಾಪುರಕ್ಕೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು, ಅದೂ ಯಾರೂ ಹೋಗದ ಹೊಸ ದಾರಿಯಲ್ಲಿ. ಆ ದಾರಿಯನ್ನು ಫೋನಿನ ನಕ್ಷೆ ನೋಡಿ ಹುಡುಕಿದವನು ನಾನೇ. ಶೋಭಾ ಒಂದು ಷರತ್ತು ಹಾಕಿದಳು.

"ಮೊದಲ ನೀವು ಹೋಗಿ ಬರ್ರಿ. ಅದ ಹೊತ್ತಿಗೆ, ಅದ ಕತ್ತಲದಾಗ. ಏನೂ ಇಲ್ಲ ಅಂತ ನೀವು ನನ್ನ ಮುಖ ನೋಡಿ ಹೇಳಿದ್ರ ಮಾತ್ರ ಹುಡಿಗಿನ್ನ ಕಳಸ್ತೇನಿ."

ನ್ಯಾಯವಾದ ಮಾತು. ನಾನು ಒಪ್ಪಿದೆ.

ಹೊರಡುವ ಹಿಂದಿನ ಸಂಜೆ ಪಲ್ಲವಿಯ ಸೈಕಲ್ಲಿಗೆ ಹೊಸ ಗಂಟೆ ಕೂರಿಸುತ್ತಿದ್ದೆ. ಕೈ ಜಾರಿ ಪಡಸಾಲೆಯ ಫರಸಿ ಕಲ್ಲಿನ ಮೇಲೆ ಬಿತ್ತು. ಬಟ್ಟಲಿನ ಅಂಚು ನೆಗ್ಗಿತು. ಹೊಡೆದರೆ ಮೊದಲು 'ಟಣ್' ಅನ್ನುತ್ತಿತ್ತು, ಹಿಂದೆಯೇ ಹಲ್ಲು ಕಡಿದ ಹಾಗೆ 'ಕರ್ರ್' ಎಂದು ನಡುಗುತ್ತಿತ್ತು. ಬೇರೆಯದು ತಂದುಕೊಡುತ್ತೇನೆ ಅಂದೆ. ಬ್ಯಾಡ ಅಂದಳು. ಇಂಥ ಗಂಟೆ ಯಾರ ಹತ್ತಿರವೂ ಇರುವುದಿಲ್ಲ, ಕತ್ತಲಲ್ಲಿ ಕೇಳಿದರೆ ನಾನೇ ಅಂತ ನಿನಗೆ ಗೊತ್ತಾಗುತ್ತದೆ ಎಂದು ನಕ್ಕಳು.

ಆ ಮಾತು ಈಗ ನೆನೆದರೂ ಮೈ ಜುಂ ಅನ್ನುತ್ತದೆ.

ದಾರಿ ನೋಡಲು ನನ್ನ ಜೊತೆ ಬಂದವನು ಮಿಲಿಂದ. ಗಾಜಿಪುರದವನು, ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ. ದೆವ್ವ, ದೇವರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಎರಡೂ ಇಲ್ಲ ಅನ್ನುವ ಮನುಷ್ಯ. ಸ್ನೇಹಕ್ಕೆ ಪ್ರಾಣ ಕೊಡುತ್ತಾನೆ. ಆದರೆ ಮಹಾ ಕಿಡಿಗೇಡಿ. ನಮ್ಮ ಮಿಲ್ಲಿನ ಮಾಲೀಕರಿಂದ ಹಿಡಿದು ನನ್ನ ಹೆಂಡತಿಯವರೆಗೆ ಎಲ್ಲರ ದನಿಯನ್ನೂ ಅನುಕರಿಸುತ್ತಾನೆ. ಒಂದು ಸಲ ಮುಂದಾಗಿ ಹೋಗಿ ಹಾಳು ಗುಮ್ಮಟದೊಳಗೆ ಅಡಗಿ ಕೂತು, ಇಡೀ ಗುಂಪನ್ನು ಹೆದರಿಸಿ ಬೈಸಿಕೊಂಡಿದ್ದ. ಆದ್ದರಿಂದ ಅವತ್ತು ಮೊದಲಿನಿಂದಲೂ ನನ್ನ ಒಂದು ಕಣ್ಣು ಅವನ ಮೇಲೆ ಇತ್ತು.

ಸ್ಟೇಶನ್ ಬಜಾರದಲ್ಲಿ ರಾತ್ರಿಯೆಲ್ಲ ತೆರೆದಿರುವ ಅಂಗಡಿಯಲ್ಲಿ ಚಹಾ ಕುಡಿದು ಹೊರಟೆವು. ಹೆದ್ದಾರಿಯಲ್ಲಿ ಲಾರಿಗಳ ಬೆಳಕು, ಡೀಸೆಲ್ ವಾಸನೆ. ಮಹಾಗಾಂವ್ ಕ್ರಾಸ್ ದಾಟಿ ಎಷ್ಟೋ ಹೊತ್ತಾದ ಮೇಲೆ ನಕ್ಷೆ ತೋರಿಸಿದ ಕಡೆ ಒಳಗೆ ತಿರುಗಿದೆವು. ನಾನು ಮುಂದೆ, ಮಿಲಿಂದ ಹಿಂದೆ.

ಲಾರಿಗಳ ಸದ್ದು ಹಿಂದೆ ಸರಿಯಿತು. ಟಯರಿನ ಕೆಳಗೆ ಗರಸು ಕರಕರ ಅನ್ನುವುದೊಂದೇ ಉಳಿಯಿತು. ಎರಡೂ ಕಡೆ ತೊಗರಿ ಕೊಯ್ದ ಹೊಲಗಳು. ಒಣಗಿದ ಸೊಪ್ಪಿನ ವಾಸನೆ. ಎಡಕ್ಕೆ ಒಂದು ಗುಮ್ಮಟ ಆಕಾಶಕ್ಕಿಂತ ಕಪ್ಪಗೆ ನಿಂತಿತ್ತು. ಅದರ ಪಕ್ಕ ಹಾಯುವಾಗ ಮಾತ್ರ ಗಾಳಿ ತಣ್ಣಗಿತ್ತು, ಹಳೇ ಗಾರೆಯ, ಬಾವಲಿಯ ವಾಸನೆ ಬಂತು.

ಗುಮ್ಮಟ ದಾಟಿದ ಮೇಲೆ ದಾರಿಯ ನಡುವೆ ಒಂದು ದೊಡ್ಡ ಕಲ್ಲು. ಅಭ್ಯಾಸಬಲದಿಂದ ಕೂಗಿದೆ.

"ಕಲ್ಲು."

ಇರುವವರು ಇಬ್ಬರೇ. ಮಿಲಿಂದ ಕೊನೆಯವನು, ಅವನು ಗಂಟೆ ಹೊಡೆಯಬೇಕು. ಆದರೆ ಅವನು ಗಂಟೆ ಹೊಡೆಯಲಿಲ್ಲ. "ಕಲ್ಲು" ಎಂದು ತನ್ನ ಹಿಂದಕ್ಕೆ ಕೂಗಿದ.

ಸ್ವಲ್ಪ ತಡೆದು… ಬಹಳ ಹಿಂದೆ ಎಲ್ಲೋ ಒಂದು ಗಂಟೆ ಬಡಿಯಿತು.

ಶುರುವಾಯಿತು ಇವನ ಆಟ ಅಂದುಕೊಂಡೆ. ಫೋನಿನಲ್ಲಿ ಸದ್ದು ತುಂಬಿಕೊಂಡು ಬಂದಿರಬೇಕು. ಹೆದರಿದರೆ ತಾನೆ ಅವನಿಗೆ ಮಜಾ. ನಾನು ತಿರುಗಿಯೂ ನೋಡಲಿಲ್ಲ.

ಮತ್ತೆ ಸ್ವಲ್ಪ ದೂರಕ್ಕೆ ಜಾಲಿ ಟೊಂಗೆ ಅಡ್ಡ ಬಿದ್ದಿತ್ತು. "ಮುಳ್ಳು" ಅಂದೆ. "ಮುಳ್ಳು" ಎಂದು ಮಿಲಿಂದನೂ ದಾಟಿಸಿದ. ಹಿಂದಿನಿಂದ ಗಂಟೆ. ಈ ಸಲ ಸ್ವಲ್ಪ ಹತ್ತಿರ.

ನನಗೆ ಸಿಟ್ಟು ಬಂತು. ಬ್ರೇಕ್ ಹಿಡಿದು ನಿಂತೆ. ಅವನೂ ನಿಂತ.

"ಯಾಕೋ ಹಿಂದಕ್ಕ ಹೇಳಾಕತ್ತಿ? ನಿನ್ನ ಹಿಂದ ಯಾರದಾರ?"

ಮಿಲಿಂದ ನನ್ನ ಮುಖಕ್ಕೆ ಬೆಳಕು ಬಿಟ್ಟು ನೋಡಿದ. ಅವನ ಮುಖದಲ್ಲಿ ನಗು ಇರಲಿಲ್ಲ.

"ಅದನ್ನ ನಾ ನಿನ್ನ ಕೇಳಬೇಕಂತಿದ್ದೆ," ಅಂದ. "ಗುಮ್ಮಟದಿಂದ ಹಿಂದ ಯಾರೋ ಬರಾಕತ್ತಾರ. ಟಾಯರ್ ಸಪ್ಪಳ ಕೇಳ್ತದ. ಯಾರನ್ನ ಕರದಿ ನೀ, ನನಗ ಹೇಳದಂಗ?"

ನಾನು ಅವನನ್ನು ಅನುಮಾನಿಸುತ್ತಿದ್ದರೆ, ಅವನು ನನ್ನನ್ನು ಅನುಮಾನಿಸುತ್ತಿದ್ದ! ಇಬ್ಬರೂ ಹಿಂದಕ್ಕೆ ತಿರುಗಿ ಬೆಳಕು ಬಿಟ್ಟೆವು. ನಾವು ಎಬ್ಬಿಸಿದ ಧೂಳು ಗಾಳಿಯಲ್ಲಿ ನಿಂತಿತ್ತು. ಅದರ ಆಚೆ ಖಾಲಿ ದಾರಿ.

ನಾನು ಸುಲಭಕ್ಕೆ ಬಿಡುವವನಲ್ಲವಲ್ಲ. ಅವನ ಚೀಲ ಇಸಿದುಕೊಂಡು ಒಳಗೆಲ್ಲ ಕೈಯಾಡಿಸಿದೆ. ನೀರಿನ ಬಾಟಲಿ, ಪಂಕ್ಚರ್ ಸಾಮಾನು, ಒಂದು ಶೇಂಗಾ ಚಿಕ್ಕಿ ಪೊಟ್ಟಣ. ಫೋನು ತೆಗೆಸಿ ನೋಡಿದೆ, ಅದನ್ನು ಆರಿಸಿಟ್ಟಿದ್ದ. ಇಷ್ಟು ವರ್ಷದ ಸ್ನೇಹದಲ್ಲಿ ನೀನು ನನ್ನನ್ನೂ ತೊಗರಿ ಚೀಲ ಮಾಡಿದೆಯಲ್ಲ ಎಂದು ಅವನು ಮುಖ ಸಣ್ಣದು ಮಾಡಿಕೊಂಡ. ನನಗೂ ಕೆಡುಕೆನಿಸಿತು. ಆದರೂ ಅನುಮಾನ ಪೂರ್ತಿ ಹೋಗಿರಲಿಲ್ಲ.

ಆಗ ಅದು ಮತ್ತೆ ಹೊಡೆಯಿತು. ನಾವು ಏನೂ ಕೂಗಿರಲಿಲ್ಲ. ಇಬ್ಬರೂ ಎದುರುಬದುರು ನಿಂತಿದ್ದೆವು, ಇಬ್ಬರ ಕೈಗಳೂ ನನ್ನ ಕಣ್ಣ ಮುಂದೆ ಇದ್ದವು.

ಟಣ್… ಕರ್ರ್…

ಮೊದಲೆರಡು ಸಲ ದೂರವಿದ್ದದ್ದರಿಂದ ಗುರುತು ಸಿಕ್ಕಿರಲಿಲ್ಲ. ಈಗ ಸಿಕ್ಕಿತು. ಫರಸಿ ಕಲ್ಲಿನ ಮೇಲೆ ನನ್ನ ಕೈಯಿಂದಲೇ ಬಿದ್ದು ನೆಗ್ಗಿದ ಗಂಟೆ ಅದು.

ನಿಜ ಹೇಳಬೇಕೆಂದರೆ, ಆ ಕ್ಷಣ ನನಗೆ ದೆವ್ವಗಿವ್ವ ಏನೂ ಹೊಳೆಯಲಿಲ್ಲ. ಹೊಳೆದದ್ದು ಒಂದೇ. ಪಲ್ಲವಿ ನಮ್ಮ ಹಿಂದೆ ಕದ್ದು ಬಂದಿದ್ದಾಳೆ. ಭಾನುವಾರದವರೆಗೆ ತಡೆಯಲಾರದೆ, ಬೆಳಕೂ ಹಾಕಿಕೊಳ್ಳದೆ, ಈ ಕತ್ತಲಲ್ಲಿ ಒಬ್ಬಳೇ… ಇದರಲ್ಲಿ ಮಿಲಿಂದನ ಕೈವಾಡವೂ ಇದೆ ಅನ್ನಿಸಿ ಅವನ ಅಂಗಿ ಹಿಡಿದೆ. ಅವನು ಕೊಸರಿಕೊಳ್ಳಲೂ ಇಲ್ಲ, ಮನೆಗೆ ಫೋನ್ ಮಾಡು ಅಂದ.

ಸಿಗ್ನಲ್ ಒಂದು ಕಡ್ಡಿ ಇತ್ತು. ಬಹಳ ಹೊತ್ತು ರಿಂಗಾದ ಮೇಲೆ ಶೋಭಾ ಎತ್ತಿದಳು. ಪಲ್ಲವಿ ಎಲ್ಲಿ ಅಂದೆ. ಮಲಗಿದ್ದಾಳೆ, ಇಷ್ಟು ಹೊತ್ತಿನಲ್ಲಿ ಎಲ್ಲಿ ಹೋಗುತ್ತಾಳೆ ಎಂದು ಬೈದಳು.

"ಹೋಗಿ ಮುಟ್ಟಿ ನೋಡು," ಅಂದೆ. "ಹೊದಿಕಿ ತಗದು ಮುಟ್ಟಿ ನೋಡು."

ಅವಳ ಹೆಜ್ಜೆ ಸದ್ದು ಕೇಳುತ್ತಿತ್ತು. ಬಾಗಿಲು ಕಿರ್ ಅಂದಿತು. ಆಮೇಲೆ ಪಲ್ಲವಿ ನಿದ್ದೆಗಣ್ಣಲ್ಲಿ ಗೊಣಗಿದ್ದು ಫೋನಿನಲ್ಲೇ ಕೇಳಿತು. ಹೋದ ಜೀವ ಬಂದಂತಾಯಿತು.

"ಇಲ್ಲೇ ಅದಾಳ. ಸೈಕಲ್ಲೂ ಪಡಸಾಲ್ಯಾಗ ಅದ, ಕೀಲಿ ಹಾಕೇದ. ಏನಾತು?"

ನಾನು ಉತ್ತರ ಕೊಡುವ ಮೊದಲೇ ನಮ್ಮ ಹಿಂದಿನ ಕತ್ತಲಲ್ಲಿ ಗಂಟೆ ಬಡಿಯಿತು. ಟಣ್… ಕರ್ರ್…

ಫೋನಿನ ಆ ಕಡೆ ಶೋಭಾಳಿಗೂ ಅದು ಕೇಳಿಸಿತು. ಆಮೇಲೆ ದನಿ ತಗ್ಗಿಸಿ ಕೇಳಿದಳು.

"ಪಲ್ಲವಿ ಗಂಟಿ ನೀವ್ಯಾಕ ಒಯ್ದೀರಿ? …ಅಲ್ಲಾ, ಗಂಟಿ ಇಲ್ಲೇ ಸೈಕಲ್ಲಿಗೆ ಅದಲ್ಲ. ಮತ್ತ ಅಲ್ಲಿ ಹೊಡದಿದ್ದು ಯಾವುದು?"

ಸಿಗ್ನಲ್ ಹೋಯಿತು.

ಹಿಂದಿರುಗಿ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಿಂದಿರುಗುವುದೆಂದರೆ ಆ ಗಂಟೆಯ ಕಡೆಗೇ ಹೋಗುವುದು. ನನಗೆ ಧೈರ್ಯ ಆಗಲಿಲ್ಲ. ದೆವ್ವ ಇಲ್ಲ ಅನ್ನುವ ಮಿಲಿಂದನಿಗೂ ಆಗಲಿಲ್ಲ. ಮುಂದೆ ಹೋದರೆ ಕಮಲಾಪುರ ಬರುತ್ತದೆ, ಮನುಷ್ಯರು ಸಿಗುತ್ತಾರೆ, ಬೆಳಕೂ ಹರಿಯುತ್ತದೆ. ಮಿಲಿಂದ ಒಂದು ಮಾತು ಹೇಳಿದ. ಈಗ ಅವನು ಮುಂದೆ, ನಾನು ಹಿಂದೆ. ಹೊಡೆಯುವವನು ಅವನಲ್ಲ ಅನ್ನುವುದು ಆಗಲಾದರೂ ನನಗೆ ಖಾತ್ರಿಯಾಗುತ್ತದಂತೆ.

ಹಾಗೇ ಹೊರಟೆವು. ಈಗ ಕೊನೆಯವನು ನಾನು. ನನ್ನ ಬೆನ್ನ ಹಿಂದೆ ಯಾರೂ ಇಲ್ಲ… ಇರಬಾರದು.

ಆದರೆ ಗರಸು ಕರಕರ ಅನ್ನುವುದು ಮೂರು ಕಡೆ ಕೇಳುತ್ತಿತ್ತು. ಮುಂದೆ ಮಿಲಿಂದನದು, ಕೆಳಗೆ ನನ್ನದು. ಮತ್ತೆ ಸ್ವಲ್ಪ ಹಿಂದೆ, ಹಗುರಾಗಿ, ತೂಕವಿಲ್ಲದವರು ತುಳಿಯುತ್ತಿರುವ ಹಾಗೆ. ನಾನು ನಿಧಾನ ಮಾಡಿದರೆ ಅದೂ ನಿಧಾನ. ನಾನು ಕಾಲು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ತಿರುಗಿ ನೋಡಬೇಕೆಂದು ಕುತ್ತಿಗೆ ತಿರುಗಿಸಿದೆ, ತಿರುಗಲಿಲ್ಲ. ಹೆದರಿಕೆ ಅನ್ನುವುದು ಕುತ್ತಿಗೆಯಲ್ಲಿ ಇರುತ್ತದೆ ಎಂದು ಅವತ್ತು ಗೊತ್ತಾಯಿತು.

ಮಿಲಿಂದ ಕೂಗಿದ. "ಕಲ್ಲು."

ಗಂಟೆಯ ಮೇಲೆ ಹೆಬ್ಬೆರಳು ಇಟ್ಟೆ. ಆಮೇಲೆ ತೆಗೆದೆ. ಚೀಲ ಚುಚ್ಚಿ ನೋಡದೆ ಬಿಟ್ಟರೆ ನಾನು ನಾನೇ ಅಲ್ಲ. ಹೊಡೆಯದಿದ್ದರೆ ಏನಾಗುತ್ತದೆ ನೋಡೋಣ…

ಹೊಡೆಯಲಿಲ್ಲ. ದಾಟಿಸಲೂ ಇಲ್ಲ. ಸುಮ್ಮನಿದ್ದೆ.

ಮುಂದೆ ಮಿಲಿಂದ ನಿಯಮದಂತೆ ನಿಧಾನ ಮಾಡಿದ. ಗಂಟೆಗಾಗಿ ಕಾಯುತ್ತಿದ್ದ. ಗಾಳಿ ನಿಂತಿತ್ತು. ಎಲ್ಲಿಂದಲೋ ಹಸಿ ಮಣ್ಣಿನ ವಾಸನೆ ಬಂತು, ಆಗತಾನೇ ಅಗೆದ ಮಣ್ಣಿನದು. ಮಳೆಯಿಲ್ಲದ ಕಾಲದಲ್ಲಿ ಆ ವಾಸನೆ ಎಲ್ಲಿಯದು ಎಂದು ನಾನು ಯೋಚಿಸುತ್ತಿರುವಾಗಲೇ…

ಟಣ್… ಕರ್ರ್…

ನನ್ನ ಹಿಂದಿನ ಚಕ್ರಕ್ಕೆ ಅಂಟಿದಷ್ಟು ಹತ್ತಿರದಲ್ಲಿ ಬಡಿಯಿತು. ಕಿವಿಯೊಳಗೆ ನಡುಗಿತು.

ಗಂಟೆ ಕೇಳಿತಲ್ಲ, ಮಿಲಿಂದ ನಾನೇ ಹೊಡೆದೆ ಅಂದುಕೊಂಡ. ಗಾಬರಿಯಲ್ಲಿ ಯಾವ ಗಂಟೆ ಎಂದು ಅವನು ಲಕ್ಷ್ಯ ಕೊಡಲಿಲ್ಲ. ಮಾತು ಮುಟ್ಟಿತು ಎಂದು ಎದ್ದು ನಿಂತು ಪೆಡಲ್ ತುಳಿದು ಜೋರಾದ. ಅವನ ಕೆಂಪು ದೀಪ ನನ್ನಿಂದ ದೂರ ಓಡಿತು.

"ನಿಲ್ಲು!" ಗಂಟಲು ಹರಿಯುವ ಹಾಗೆ ಕೂಗಿದೆ. "ನಿಲ್ಲು ಮಿಲಿಂದ, ನಾ ಹೊಡದಿಲ್ಲ!"

ಬ್ರೇಕ್ ಕಿರುಚಿತು. ಗರಸು ಜಾರಿತು. ಆಮೇಲೆ ಒಂದು ಸಣ್ಣ ಕಲ್ಲು ಉರುಳಿ ಎಲ್ಲೋ ಬಿದ್ದ ಸದ್ದು. ಬಿದ್ದದ್ದು ಮಾತ್ರ ಸ್ವಲ್ಪ ತಡವಾಗಿ ಕೇಳಿತು, ಕೆಳಗಿನಿಂದ.

ಮಿಲಿಂದ ಸೈಕಲ್ ಸಮೇತ ಅಡ್ಡ ಬಿದ್ದಿದ್ದ. ಅವನ ಮುಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತಿತ್ತು. ಅದರ ಕೆಳಗೆ ದಾರಿ ಇರಲಿಲ್ಲ. ಯಾರೋ ಗರಸು ಅಗೆದುಕೊಂಡು ಹೋಗಿ ದಾರಿಯನ್ನೇ ಕತ್ತರಿಸಿ ಬಿಟ್ಟಿದ್ದರು. ಮನೆಯಷ್ಟು ಆಳದ ಹೊಂಡ. ಬೇಲಿ ಇಲ್ಲ, ಗುರುತು ಇಲ್ಲ. ಫೋನಿನ ನಕ್ಷೆಯಲ್ಲಿ ದಾರಿ ನೇರವಾಗಿ ಹೊಂಡದ ಮೇಲೇ ಹಾದುಹೋಗಿತ್ತು.

ಭಾನುವಾರ ಈ ದಾರಿಯಲ್ಲಿ ನಾನು ಮಗಳನ್ನು ಕರೆದುಕೊಂಡು ಬರುವವನಿದ್ದೆ. ಅಲ್ಲೇ ಕುಳಿತು ನಾಚಿಕೆಯಿಲ್ಲದೆ ಅತ್ತೆ.

ಬೆಳಕು ಹರಿಯುವ ತನಕ ಇಬ್ಬರೂ ಹೊಂಡದ ದಂಡೆಯಲ್ಲೇ ಬೆನ್ನಿಗೆ ಬೆನ್ನು ಹಚ್ಚಿ ಕುಳಿತೆವು. ಗಂಟೆ ಮತ್ತೆ ಕೇಳಲಿಲ್ಲ. ಬೂದು ಬೆಳಕಿನಲ್ಲಿ ನಾನು ಹಿಂದಕ್ಕೆ ನಡೆದು ಹೋಗಿ ಧೂಳು ನೋಡಿದೆ. ಎರಡೇ ಸೈಕಲ್ಲಿನ ಟಯರ್ ಗುರುತು. ಒಂದು ಅವನದು, ಒಂದು ನನ್ನದು.

ಆ ಗಂಟೆಯಿಂದಲೇ ತಾನು ಬದುಕಿದ್ದು ಎಂದು ಮಿಲಿಂದ ಹೇಳಿದ. ಅದು ಹೊಡೆಯದಿದ್ದರೆ ನೀನು 'ನಿಲ್ಲು' ಅಂತ ಕೂಗುತ್ತಿರಲಿಲ್ಲ ಅಂದ. ನನ್ನ ಲೆಕ್ಕ ಬೇರೆ. ಅದು ಹೊಡೆದದ್ದಕ್ಕೇ ತಾನೇ ಇವನು ಜೋರಾಗಿ ಹೊಂಡದ ಕಡೆ ಓಡಿದ್ದು? ನಾನು ಕೂಗದೇ ಇದ್ದಿದ್ದರೆ? ಅದು ಕಾಯಲು ಬಂದಿತ್ತೋ ಕೆಡವಲು ಬಂದಿತ್ತೋ… ಇಬ್ಬರೂ ಇವತ್ತಿಗೂ ಇದರ ಮೇಲೆ ಜಗಳವಾಡುತ್ತೇವೆ.

ಹೊಂಡ ಸುತ್ತಿಕೊಂಡು, ಸೈಕಲ್ ತಳ್ಳಿಕೊಂಡು ಕಮಲಾಪುರದ ಕಡೆ ನಡೆದೆವು. ಊರ ಹೊರಗೆ ಕೆಂಪು ಬಾಳೆಯ ತೋಟಗಳು. ಒಂದು ತೋಟದ ಮುದುಕ ಕಾವಲುಗಾರ ಬಡಿಗೆ ಹಿಡಿದು ಎದುರಾದ. ಗೊನೆ ಕದಿಯಲು ಬಂದವರೆಂದು ಅವನಿಗೆ ಅನುಮಾನ. ಚೀಲ ಬಿಚ್ಚಿ ತೋರಿಸಿ ಎಂದ. ಮಿಲಿಂದ ನನ್ನ ಕಡೆ ನೋಡಿ, ನಿನಗೂ ಒಬ್ಬ ಗುರು ಸಿಕ್ಕ ಎಂದು ಅಷ್ಟರಲ್ಲೂ ನಕ್ಕ. ಚೀಲ ನೋಡಿ ಮುಗಿದ ಮೇಲೂ ಮುದುಕ ದಾರಿ ಬಿಡಲಿಲ್ಲ. ನಮ್ಮ ಹಿಂದಿನ ದಾರಿ ನೋಡುತ್ತ ನಿಂತ.

"ಅಕಿನೂ ಬರ್ಲಿ ತಡೀರಿ," ಅಂದ. "ಹುಡಿಗಿನ್ನ ಹಿಂದ ಬಿಟ್ಟು ಬರ್ತಾರೇನ್ರಿ ಯಾರರ?"

ಯಾವ ಹುಡುಗಿ ಎಂದು ಮಿಲಿಂದ ಕೇಳಿದ. ನೋಡಿಲ್ಲ, ದನಿ ಕೇಳಿದೆ ಎಂದ ಮುದುಕ. ಕತ್ತಲಲ್ಲಿ ಹೊಂಡದ ಕಡೆಯಿಂದ ಮೂರು ದನಿ ಬಂದವಂತೆ. ಎರಡು ಗಂಡಸರವು. ಒಂದು ಹುಡುಗಿಯದು, ಗಂಡಸರು ಅಂದದ್ದನ್ನೇ ಅವರ ಹಿಂದೆ ಅನ್ನುತ್ತಿತ್ತಂತೆ.

ನಾವು ಹುಡುಗಿಯ ದನಿ ಕೇಳಿರಲಿಲ್ಲ. ಗಂಟೆ ಮಾತ್ರ ಕೇಳಿದ್ದೆವು. ಮುದುಕ ಸುಳ್ಳು ಹೇಳುತ್ತಿದ್ದಾನೆಯೇ ಎಂದು ಅವನ ಕಣ್ಣೊಳಗೆ ಹುಡುಕಿದೆ. ಅವನು ನನ್ನ ಕಣ್ಣೊಳಗೆ ಅದನ್ನೇ ಹುಡುಕುತ್ತಿದ್ದ.

ಕಮಲಾಪುರದಲ್ಲಿ ಒಗ್ಗರಣೆ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿನ್ನದೆ ನಾನು ಎಂದೂ ಮರಳಿದವನಲ್ಲ. ಅವತ್ತು ಒಂದು ತುತ್ತೂ ಇಳಿಯಲಿಲ್ಲ.

ಮನೆಗೆ ಬಂದು ಶೋಭಾಳ ಮುಖ ನೋಡಿ ಹೇಳಿದೆ, ಆ ದಾರಿ ಸರಿಯಿಲ್ಲ, ಹೊಂಡ ಇದೆ. ಗಂಟೆಯ ಮಾತು ಎತ್ತಿದಳು. ಫೋನಿನ ಗೊರಗೊರ ಇರಬೇಕು ಅಂದೆ. ಅವಳು ನಂಬಲಿಲ್ಲ. ಪಲ್ಲವಿಗೆ ಯಾವುದೂ ಗೊತ್ತಾಗಬಾರದು ಎನ್ನುವುದರಲ್ಲಿ ಮಾತ್ರ ಇಬ್ಬರೂ ಒಂದಾದೆವು.

ಪಲ್ಲವಿಯನ್ನು ಭಾನುವಾರ ಬಿಡಬಾರದು ಅಂತಲೇ ನನಗಿತ್ತು. ಆದರೆ ಏನೆಂದು ಹೇಳಲಿ? ಬೇರೆ ಅಪ್ಪಂದಿರು ಮಕ್ಕಳನ್ನು ಕಳಿಸುತ್ತಿದ್ದರು. ಇವಳು ಅಂಗಿ ಇಸ್ತ್ರಿ ಮಾಡಿಟ್ಟುಕೊಂಡು ದಿನ ಎಣಿಸುತ್ತಿದ್ದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನು ಉಪಾಯ ಮಾಡಿದೆ. ದಾರಿ ಬದಲಿಸಿದೆ. ಎಲ್ಲರೂ ಓಡಾಡುವ ಬಂಡಿ ದಾರಿ, ಗುಮ್ಮಟವಿಲ್ಲ, ಹೊಂಡವಿಲ್ಲ. ಬೆಳಕು ಹರಿದ ಮೇಲೆಯೇ ಹೆದ್ದಾರಿ ಬಿಡುವುದು ಎಂದೆ. ಆ ನೆಗ್ಗಿದ ಗಂಟೆಯನ್ನು ಬಿಚ್ಚಿ, ಬಟ್ಟೆ ಸುತ್ತಿ, ಮಿಲ್ಲಿನ ನನ್ನ ಕಪಾಟಿನಲ್ಲಿ ಕೀಲಿ ಹಾಕಿಟ್ಟೆ. ಬೇರೆ ಗಂಟೆ ತಂದು ಕೂರಿಸಿದೆ. ಪಲ್ಲವಿ ಮುನಿಸಿಕೊಂಡಳು. ಮುನಿಸಿಕೊಳ್ಳಲಿ ಅಂದುಕೊಂಡೆ.

ಭಾನುವಾರ ದಾರಿ ಬದಲಿಸಿದವನು ನಾನೇ, ಆದ್ದರಿಂದ ಮುಂದೆ ನಾನು. ಕೊನೆಗೆ ಮಿಲಿಂದ. ಅವನ ಮುಂದೆ ಪಲ್ಲವಿ. ಅವಳನ್ನು ನಿನ್ನ ಕಣ್ಣಿನಿಂದ ದೂರ ಬಿಡಬೇಡ ಎಂದು ಅವನಿಗೆ ಹತ್ತು ಸಲ ಹೇಳಿದ್ದೆ.

ಸೂರ್ಯ ಮೇಲೆ ಬಂದಿದ್ದ. ಹೊಲಗಳಲ್ಲಿ ಜನ ಇದ್ದರು. ಹೊಸಬರು ನಗುತ್ತ, ಹಾಡುತ್ತ ಬರುತ್ತಿದ್ದರು. ನಾನು ಕೂಗಿದ ಮಾತು ಒಬ್ಬರಿಂದ ಒಬ್ಬರಿಗೆ ದಾಟಿ ಹೋಗಿ, ಕೊನೆಗೆ ಮಿಲಿಂದನ ತೆಳ್ಳನೆಯ 'ಟಿಣ್' ಕೇಳುತ್ತಿತ್ತು. ಪ್ರತಿ ಸಲ ಕೇಳಿದಾಗಲೂ ನನ್ನ ಎದೆಯ ಭಾರ ಸ್ವಲ್ಪ ಇಳಿಯುತ್ತಿತ್ತು. ಎಲ್ಲಾ ಸುಳ್ಳು, ನಿದ್ದೆಗೆಟ್ಟ ಕಿವಿಯ ಚೇಷ್ಟೆ ಎಂದು ಧೈರ್ಯ ಬಂದಿತ್ತು.

ದೂರದಲ್ಲಿ ಬಾಳೆ ತೋಟಗಳು ಕಂಡವು. ದಾರಿಯಲ್ಲಿ ಒಂದು ಕಲ್ಲು.

"ಕಲ್ಲು."

"ಕಲ್ಲು." "ಕಲ್ಲು." "ಕಲ್ಲು…" ಮಾತು ಹಿಂದಕ್ಕೆ ಹೋಯಿತು. ಎಲ್ಲರಿಗಿಂತ ಕೊನೆಗೆ ಪಲ್ಲವಿಯ ದನಿ ಕೇಳಿತು. ಸರಿ, ಈಗ ಮಿಲಿಂದ.

ಟಣ್… ಕರ್ರ್…

ಎಲ್ಲರೂ ನಿಲ್ಲಿ ಎಂದು ಕೂಗಿ, ಸೈಕಲ್ ಅಲ್ಲೇ ಬಿಸಾಕಿ ಹಿಂದಕ್ಕೆ ಓಡಿದೆ.

ಪಲ್ಲವಿ ಇದ್ದಳು. ಬೆವೆತ ಮುಖ, ಖುಷಿ. ಎಲ್ಲರಿಗಿಂತ ಕೊನೆಯವಳು ಅವಳೇ. ಅವಳ ಹಿಂದೆ ಬಿಸಿಲು ಬಿದ್ದ ಖಾಲಿ ದಾರಿ. ಬಹಳ ದೂರದಲ್ಲಿ ಇಬ್ಬರು ಬಗ್ಗಿ ನಿಂತಿದ್ದರು. ಹೊಸಬನೊಬ್ಬನ ಚೈನು ಕಳಚಿಕೊಂಡಿತ್ತಂತೆ. ಅದನ್ನು ಹಾಕಿಕೊಡಲು ಮಿಲಿಂದ ನಿಂತು, ಉಳಿದವರನ್ನು ಮುಂದಕ್ಕೆ ಕಳಿಸಿದ್ದ.

ಅವಳ ಭುಜ ಹಿಡಿದುಕೊಂಡು ಕೇಳಿದೆ, ಈಗ ಗಂಟೆ ಹೊಡೆದವರು ಯಾರು?

"ನಾ ಹೊಡದಿಲ್ಲಪ್ಪಾ," ಅಂದಳು. "ನಾ ಕಲ್ಲು ಅಂತ ಹಿಂದಕ್ಕ ಹೇಳಿದೆ. ಹಿಂದಿನಾಕಿ ಹೊಡದಳು."

"ಯಾವ ಹಿಂದಿನಾಕಿ?"

ಪಲ್ಲವಿ ಹಿಂದೆ ತಿರುಗಿದಳು. ಖಾಲಿ ದಾರಿ ನೋಡಿ ಅವಳ ಹುಬ್ಬು ಗಂಟಿಕ್ಕಿತು. ಹೆದರಲಿಲ್ಲ, ಬರೀ ಆಶ್ಚರ್ಯ.

"ಈಗ ಇದ್ದಳಲ್ಲ… ಎಲ್ಲಿ ಉಳದಳೋ. ನಿಲ್ಲೂಣಪ್ಪಾ, ಪಾಪ, ಒಬ್ಬಾಕಿನ ಅದಾಳ."

ನಾನು ನಿಲ್ಲಲಿಲ್ಲ. ಅವಳನ್ನು ನನ್ನ ಮುಂದೆ ಹಾಕಿಕೊಂಡು ಕಮಲಾಪುರ ಸೇರುವ ತನಕ ಅವಳ ಹಿಂದೆಯೇ ಅಂಟಿಕೊಂಡು ಹೋದೆ. ಮರುದಿನ ಮಿಲ್ಲಿಗೆ ಹೋಗಿ ಕಪಾಟು ತೆಗೆದೆ. ಗಂಟೆ ಸುತ್ತಿದ ಬಟ್ಟೆ ಸುತ್ತಿದ ಹಾಗೇ ಇತ್ತು. ಬಿಚ್ಚಿ ನೋಡುವ ಚಟದವನು ನಾನು… ಅದೊಂದನ್ನು ಮಾತ್ರ ಬಿಚ್ಚಿ ನೋಡಿಲ್ಲ, ಇವತ್ತಿನವರೆಗೂ.

ಪಲ್ಲವಿ ಸೈಕಲ್ ಬಿಡಲಿಲ್ಲ. ಬಿಡಿಸಲು ನನ್ನ ಹತ್ತಿರ ಹೇಳಬಹುದಾದ ಕಾರಣವೂ ಇರಲಿಲ್ಲ. ಅಕಿ ಮತ್ತೆ ಬರಲೇ ಇಲ್ಲವಲ್ಲ ಎಂದು ಆಗಾಗ ಕೇಳುತ್ತಾಳೆ. ನಾನು ಮಾತು ಬದಲಿಸುತ್ತೇನೆ.

ಈಗ ಗುಂಪಿನಲ್ಲಿ ಕೊನೆಯವನು ಯಾವಾಗಲೂ ನಾನೇ. ಯಾರ ಚೈನು ಬಿದ್ದರೂ, ಯಾರ ಟಯರು ಇಳಿದರೂ ನನ್ನ ಜಾಗ ಬಿಡುವುದಿಲ್ಲ. ಮಗಳ ಹಿಂದೆ ನಾನಿರಬೇಕು, ನನ್ನ ಹಿಂದೆ ಏನಾದರೂ ಇರಲಿ. ಮುಂದಿನಿಂದ ಮಾತು ದಾಟಿ ದಾಟಿ ನನ್ನ ತನಕ ಬರುತ್ತದೆ. ಗಂಟೆಯ ಮೇಲೆ ಹೆಬ್ಬೆರಳು ಇಡುತ್ತೇನೆ, ಆದರೆ ತಕ್ಷಣ ಒತ್ತುವುದಿಲ್ಲ. ಒಂದು ಉಸಿರಿನಷ್ಟು ಹೊತ್ತು ಕಾಯುತ್ತೇನೆ.

ಬಹಳಷ್ಟು ಸಲ ನಾನೇ ಹೊಡೆಯುತ್ತೇನೆ. ಕೆಲವು ಸಲ ನಾನು ಹೊಡೆಯಬೇಕಾಗಿ ಬಂದಿಲ್ಲ.